ಮಗನಿಗೆ ‘ಪುಲಕೇಶಿ’ ಅಂತ ಹೆಸರಿಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಹಸುಗೂಸಿನ ತಾಯಿ

ಎಲ್ಲರಿಗೂ ನಮಸ್ಕಾರ. ನಮಗೆ ಗಂಡು ಮಗು ಹುಟ್ಟಿದೆ. ಊರು ಬಾಗಲಕೋಟೆ ಕಡೆ, ಇರುವುದು ಬೆಂಗಳೂರಿನಲ್ಲಿ. ಮುಂದೆ ಚೆನ್ನೈಗೆ ವರ್ಗ ಆದರೂ ಆಗಬಹುದು. ಮಗುವಿಗೆ ‘ಪುಲಕೇಶಿ’ ಅಂತ ಇಡಬೇಕು ಅನ್ನುವುದು ನಮ್ಮ ಮಾವನವರ ಬಹಳ ದಿನದ ಆಸೆ. ನನಗೂ ತುಂಬಾ ಇಷ್ಟ. ಆದರೆ ಯಜಮಾನರು, ‘ಈ ಹೆಸರಿನ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ, ಶಾಲೆಯಲ್ಲಿ ರೇಗಿಸುತ್ತಾರೆ’ ಅನ್ನುತ್ತಾರೆ. ನನ್ನ ಅಮ್ಮನಿಗೆ ಬೇರೆಯೇ ಚಿಂತೆ. ಕೇಶಿ ಅಂದರೆ ಕೃಷ್ಣ ಕೊಂದ ರಾಕ್ಷಸ ಅಲ್ವಾ ಅಂತ ಕೇಳುತ್ತಾರೆ. ಹೆಸರಿನ ಮೂಲ ಏನು? ಪುಲಕೇಶಿ ಸರಿಯೋ, ಪುಲಿಕೇಶಿ ಸರಿಯೋ? ಇದೇ ಹೆಸರಿನವರು, ಇಂಥ ಹಳೆಯ ಹೆಸರು ಇಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಇತಿಹಾಸ ಮೇಷ್ಟ್ರು

ತಂಗಿ, ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಈ ಹೆಸರು ಇಡಲು ಹೊರಟವರನ್ನು ಕಂಡರೆ ಖುಷಿಯಾಗುತ್ತದೆ.

ಬಾದಾಮಿ ಚಾಲುಕ್ಯರಲ್ಲಿ ಈ ಹೆಸರಿನ ಇಬ್ಬರು ದೊರೆಗಳಿದ್ದಾರೆ. ಮೊದಲನೆಯ ಪುಲಕೇಶಿಯ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಶಕ ವರ್ಷ 465, ಅಂದರೆ ಕ್ರಿ.ಶ. 543. ವಾತಾಪಿಯ, ಅಂದರೆ ಬಾದಾಮಿಯ, ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ವಿಶೇಷ ಏನೆಂದರೆ, ಅಲ್ಲಿ ಅವನನ್ನು ಕರೆದಿರುವುದು ‘ಚಾಲುಕ್ಯ ವಲ್ಲಭೇಶ್ವರ’ ಅಂತ. ಹೆಸರು ಬರುವುದು ಬೇರೆ ಶಾಸನಗಳಲ್ಲಿ. ಅಲ್ಲೂ ಒಂದೇ ರೂಪ ಇಲ್ಲ. ಪುಲಿಕೇಶಿ ಅಂತಲೂ ಇದೆ, ಪೊಲೆಕೇಶಿ ಅಂತಲೂ ಇದೆ. ಹಾಗಾಗಿ ಲಕಾರಕ್ಕೆ ಗುಡಿಸು ಬೇಕೋ ಬೇಡವೋ ಅನ್ನುವ ಜಗಳಕ್ಕೆ ಸಾವಿರದ ನಾನೂರು ವರ್ಷದ ವಯಸ್ಸಿದೆ. ಎರಡರಲ್ಲಿ ಯಾವುದು ಇಟ್ಟರೂ ತಪ್ಪಾಗುವುದಿಲ್ಲ.

ಅರ್ಥದ ವಿಷಯಕ್ಕೆ ಬಂದರೆ ವಿದ್ವಾಂಸರಲ್ಲಿ ಎರಡು ಮಾತಿದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಇದನ್ನು ಕನ್ನಡ ಮತ್ತು ಸಂಸ್ಕೃತ ಸೇರಿದ ಹೆಸರು ಅಂದರು. ಪುಲಿ ಅಂದರೆ ಹುಲಿ. ಹುಲಿಯಂಥ ಕೂದಲಿರುವವನು ಪುಲಿಕೇಶಿ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಹಾಗೆಯೇ ಪುಲಿ ಹುಲಿಯಾಯಿತು. ಕೆ.ಎ. ನೀಲಕಂಠ ಶಾಸ್ತ್ರಿಗಳು ಬೇರೆ ರೀತಿ ಬಿಡಿಸಿದರು. ಪುಲ ಅಂದರೆ ದೊಡ್ಡದು, ಕೇಶಿ ಅಂದರೆ ಕೇಸರ ಇರುವ ಸಿಂಹ. ಅಲ್ಲಿಗೆ ಮಹಾಸಿಂಹ. ನನ್ನ ಒಲವು ಹುಲಿಯ ಕಡೆ. ಏಕೆಂದರೆ ಆ ಮನೆತನದಲ್ಲಿ ಅಚ್ಚಗನ್ನಡದ ಹೆಸರುಗಳೂ ಇದ್ದವು. ಪೆದ್ದವಡುಗೂರು ಶಾಸನದ ಆಧಾರದ ಮೇಲೆ, ಇಮ್ಮಡಿ ಪುಲಕೇಶಿಯ ಹುಟ್ಟುಹೆಸರು ‘ಎರೆಯ’ ಅಂತ ಇತಿಹಾಸಕಾರರು ಹೇಳುತ್ತಾರೆ. ಎರೆಯ ಅಂದರೆ ಒಡೆಯ.

ಇಮ್ಮಡಿ ಪುಲಕೇಶಿ ಆಳಿದ್ದು ಸುಮಾರು 610ರಿಂದ 642ರವರೆಗೆ. ಐಹೊಳೆಯ ಮೇಗುತಿ ಬಸದಿಯಲ್ಲಿ ಕವಿ ರವಿಕೀರ್ತಿ ಬರೆದ 634ರ ಶಾಸನ ಇದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದದ್ದು ಅದರಲ್ಲಿ ಬರುತ್ತದೆ. ಹರ್ಷನ ಹರ್ಷವೇ ಹೋಯಿತು ಅಂತ ರವಿಕೀರ್ತಿ ಹಾಡುತ್ತಾನೆ. ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ಈ ದೊರೆಯ ಬಗ್ಗೆ, ಅವನ ಸೈನಿಕರ ಧೈರ್ಯದ ಬಗ್ಗೆ ಬರೆದಿಟ್ಟಿದ್ದಾನೆ.

ಈಗ ‘ಯಾಕೆ ಅಪರೂಪ’ ಅನ್ನುವುದಕ್ಕೆ ಬರುತ್ತೇನೆ. ನನಗೆ ಜಾಸ್ತಿ ಆಸಕ್ತಿ ಇರುವುದೇ ಇಲ್ಲಿ. ಎಂಟನೇ ಶತಮಾನದಲ್ಲಿ ಗುಜರಾತಿನ ನವಸಾರಿಯಲ್ಲಿ ಆಳುತ್ತಿದ್ದ ಚಾಲುಕ್ಯ ಶಾಖೆಯಲ್ಲಿ ಇನ್ನೊಬ್ಬ ಪುಲಕೇಶಿ ಬರುತ್ತಾನೆ. ಅರಬರ ದಂಡನ್ನು ಹಿಮ್ಮೆಟ್ಟಿಸಿ ‘ಅವನಿಜನಾಶ್ರಯ’ ಅನ್ನುವ ಬಿರುದು ಪಡೆದವನು ಅವನು. 739ರ ತಾಮ್ರಶಾಸನದಲ್ಲಿ ಅದರ ವಿವರ ಇದೆ. ಅಲ್ಲಿಂದ ಮುಂದೆ ಹೆಸರು ನಿಂತುಹೋಗುತ್ತದೆ. 973ರಲ್ಲಿ ಕಲ್ಯಾಣದ ಚಾಲುಕ್ಯರು ಎದ್ದು ಬಂದರು. ತಾವು ಬಾದಾಮಿಯವರ ವಂಶದವರೇ ಅಂತ ಹೇಳಿಕೊಂಡರು. ವಿಕ್ರಮಾದಿತ್ಯ, ಜಯಸಿಂಹ ಅನ್ನುವ ಹೆಸರುಗಳನ್ನು ಮತ್ತೆ ಮತ್ತೆ ಇಟ್ಟರು. ಪುಲಕೇಶಿ ಅಂತ ಒಬ್ಬ ದೊರೆಗೂ ಇಡಲಿಲ್ಲ. ಆದರೆ ಇಮ್ಮಡಿ ಪುಲಕೇಶಿಯ ಬಿರುದು ‘ಸತ್ಯಾಶ್ರಯ’ ಅವರಲ್ಲಿ ಒಬ್ಬ ದೊರೆಯ ಹೆಸರೇ ಆಯಿತು. ಅಂದರೆ ಬಿರುದು ಉಳಿಯಿತು, ಹೆಸರು ಬಿಟ್ಟುಹೋಯಿತು. ಹಾಗಾಗಿ ನಿಮ್ಮ ಯಜಮಾನರು ಕಂಡಿಲ್ಲ ಅಂದರೆ ಆಶ್ಚರ್ಯ ಏನಿಲ್ಲ. ರಾಜರ ಮನೆಯಲ್ಲೇ ಇದು ಅಪರೂಪ ಆಗಿತ್ತು.

ನಮ್ಮ ಕಾಲದಲ್ಲಿ ಹೆಸರು ಮತ್ತೆ ಬಾಯಿಗೆ ಬಂದದ್ದು ಏಕೀಕರಣದ ಹುಮ್ಮಸ್ಸಿನಿಂದ. 1956ರಲ್ಲಿ ನಾಡು ಒಂದಾಯಿತು. 1967ರಲ್ಲಿ ರಾಜ್‌ಕುಮಾರ್ ‘ಇಮ್ಮಡಿ ಪುಲಿಕೇಶಿ’ಯಾಗಿ ತೆರೆಗೆ ಬಂದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರಾಯಿತು. ಆ ಹೊತ್ತಿನಲ್ಲಿ ಹುಟ್ಟಿದವರಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಪುಲಕೇಶಿ ನನ್ನ ತರಗತಿಯಲ್ಲೂ ಇದ್ದ. ಆಮೇಲೆ ಹಾಜರಿ ಪುಸ್ತಕದಲ್ಲಿ ಕಾಣಲಿಲ್ಲ.

ಉತ್ತರ: ಇದೇ ಹೆಸರಿನವನು

ಮೇಡಂ, ನನ್ನ ಹೆಸರೇ ಪುಲಕೇಶಿ. ಮೇಷ್ಟ್ರು ಹೇಳಿದ ಕಾಲದಲ್ಲೇ ಹುಟ್ಟಿದವನು. ಅಪ್ಪ ಕನ್ನಡದ ಕೆಲಸಕ್ಕೆ ಓಡಾಡುತ್ತಿದ್ದವರು.

ಮೊದಲು ಕಷ್ಟದ ಮಾತು. ಪ್ರೈಮರಿಯಲ್ಲಿ ರೇಗಿಸಿದ್ದಾರೆ. ‘ಪುಳಿಯೋಗರೆ’ ಅಂತ ಕರೆಯುತ್ತಿದ್ದರು. ನಿಮ್ಮ ಮಗನನ್ನೂ ಯಾರಾದರೂ ಹಾಗೆ ಕರೆದೇ ಕರೆಯುತ್ತಾರೆ, ಅದಕ್ಕೆ ತಯಾರಾಗಿರಿ. ಆದರೆ ಹೈಸ್ಕೂಲಿನಲ್ಲಿ ಚಾಲುಕ್ಯರ ಪಾಠ ಬಂದ ದಿನ ಎಲ್ಲಾ ಬದಲಾಯಿತು. ಮೇಷ್ಟ್ರು ನನ್ನನ್ನು ಎಬ್ಬಿಸಿ, ಐಹೊಳೆ ಶಾಸನದ ಭಾಗವನ್ನು ನನ್ನಿಂದಲೇ ಓದಿಸಿದರು. ಆಮೇಲೆ ಆಟದಲ್ಲಿ ಸೇನಾಪತಿ ಬೇಕಾದಾಗ ನನ್ನನ್ನೇ ಕರೆಯುತ್ತಿದ್ದರು. ಹೆಸರಿನ ಕಥೆ ಮಗುವಿಗೆ ಮೊದಲೇ ಗೊತ್ತಿದ್ದರೆ ರೇಗಿಸುವವರ ಮುಂದೆ ಅವನಿಗೆ ಹೇಳಲು ಒಂದು ಮಾತಿರುತ್ತದೆ. ಅವನಿಗೆ ಮಾತು ಅರ್ಥ ಆಗುವ ವಯಸ್ಸು ಬಂದ ಕೂಡಲೇ ಕಥೆ ಹೇಳಲು ಶುರು ಮಾಡಿ. ಅಜ್ಜನಿಗಿಂತ ಒಳ್ಳೆಯ ಮೇಷ್ಟ್ರು ಬೇಕಾ?

ಮನೆಯಲ್ಲಿ ನನ್ನನ್ನು ‘ಕೇಶಿ’ ಅನ್ನುತ್ತಿದ್ದರು. ಅಜ್ಜಿ ಮಾತ್ರ ‘ಪುಲ್ಯಾ’. ಹೆಸರು ಉದ್ದ ಅನ್ನುವವರಿಗೆ ಇದೇ ಉತ್ತರ. ನಾಲ್ಕೇ ಅಕ್ಷರ, ಒಂದೂ ಒತ್ತಕ್ಷರ ಇಲ್ಲ. ಮಂಜುನಾಥನೂ ನಾಲ್ಕೇ ಅಕ್ಷರ, ಅದನ್ನು ಯಾರೂ ಉದ್ದ ಅನ್ನುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಈ ಹೆಸರು ನನಗೆ ಒಳ್ಳೆಯದನ್ನೇ ಮಾಡಿದೆ. ಕಚೇರಿಯಲ್ಲಿ ಒಂದೇ ಹೆಸರಿನ ಮೂರು ಜನ ಇದ್ದಾಗ ಕಾಗದಪತ್ರ ಅದಲುಬದಲಾಗುತ್ತದೆ. ನನಗೆ ಆ ತೊಂದರೆ ಬಂದೇ ಇಲ್ಲ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಉತ್ತರ ಭಾರತದಲ್ಲಿ ಹೆಸರು ಹೇಳಲು ಒದ್ದಾಡುತ್ತಾರೆ ಅಂತ ಅಂದುಕೊಂಡಿದ್ದೆ. ಅಲ್ಲಿ ಸರ್ಕಾರಿ ಪರೀಕ್ಷೆಗೆ ಓದಿದವರೆಲ್ಲ ‘ಓಹೋ, ಪುಲಕೇಶಿನ್ ದ್ವಿತೀಯ!’ ಅಂತ ಕೈ ಕುಲುಕಿದರು. ಅವರ ಪುಸ್ತಕದಲ್ಲಿ ಸಂಸ್ಕೃತದ ಮೂಲರೂಪ ಇರುತ್ತದೆ, ಕೊನೆಗೆ ನಕಾರ ಸೇರಿ. ದಾಖಲೆಯಲ್ಲಿ ಮಾತ್ರ ಆ ನಕಾರ ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೂಪ, ಬ್ಯಾಂಕಿನಲ್ಲಿ ಇನ್ನೊಂದು ರೂಪ ಆದರೆ ಪ್ರತಿ ಸಲ ಅಫಿಡವಿಟ್ ಮಾಡಿಸಬೇಕಾಗುತ್ತದೆ. ನನ್ನ ತಮ್ಮನ ಹೆಸರು ಸಾಮಾನ್ಯವಾದದ್ದು, ಅವನದನ್ನು ಗುಮಾಸ್ತರು ಕೇಳದೆಯೇ ಸರಿಯಾಗಿ ಬರೆಯುತ್ತಾರೆ. ನಮ್ಮದನ್ನು ನಾವೇ ಬರೆದು ಕೊಡಬೇಕು, ಪ್ರತಿ ಸಲ.

ಉತ್ತರ: ಚೆನ್ನೈನಲ್ಲಿ ಇರುವ ಕನ್ನಡತಿ

ಅಕ್ಕ, ಚೆನ್ನೈ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. 2006ರಲ್ಲಿ ತಮಿಳಿನಲ್ಲಿ ಒಂದು ಹಾಸ್ಯ ಸಿನಿಮಾ ಬಂತು. ಅದರಲ್ಲಿ ಹೆದರುಪುಕ್ಕಲ ರಾಜನ ಹೆಸರು ಪುಲಿಕೇಸಿ. ಇಲ್ಲಿ ಆ ಹೆಸರು ಕೇಳಿದ ಕೂಡಲೇ ಜನ ನಗುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಆ ಸಿನಿಮಾ ಅಂದರೆ ಅವರಿಗೆ ಅಷ್ಟು ಪ್ರೀತಿ. ಆದರೂ ಎಳೆ ಮಗುವಿಗೆ ಅದು ತಿಳಿಯುವುದಿಲ್ಲ. ಇಲ್ಲಿಗೆ ಬರುವುದು ಖಚಿತ ಅಂತಾದರೆ ‘ಲಿ’ ಬಿಟ್ಟು ‘ಲ’ ಇಟ್ಟುಕೊಳ್ಳಿ. ಪುಲಕೇಶಿ ಅಂದಾಗ ನಗು ಅಷ್ಟು ಬೇಗ ಬರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇರುವ ಒಬ್ಬ ಹುಡುಗನನ್ನು ನೋಡಿ ಹೇಳುತ್ತಿದ್ದೇನೆ.

ಉತ್ತರ: ಸಂಸ್ಕೃತ ಪಾಠ ಹೇಳುವ ಅಜ್ಜಿ

ನಿಮ್ಮ ಅಮ್ಮನವರ ಆತಂಕ ಸಹಜ. ಕಂಸ ಕಳಿಸಿದ ಕುದುರೆ ರೂಪದ ಅಸುರನ ಹೆಸರು ಕೇಶಿ, ಅದು ನಿಜ. ಅವನನ್ನು ಕೊಂದದ್ದಕ್ಕೆ ಕೃಷ್ಣ ಕೇಶವ ಆದ ಅಂತ ಪುರಾಣ ಹೇಳುತ್ತದೆ. ಆದರೆ ಕೇಶಿ ಅಂದರೆ ಕೂದಲಿರುವವನು ಅಂತಷ್ಟೇ. ಋಗ್ವೇದದ ಹತ್ತನೇ ಮಂಡಲದ 136ನೇ ಸೂಕ್ತ ಪೂರ್ತಿ ಕೇಶಿಯ ಮೇಲಿದೆ. ಅಲ್ಲಿ ಕೇಶಿ ಅಂದರೆ ನೀಳ ಕೂದಲಿನ, ಗಾಳಿಯ ಜೊತೆ ಸಂಚರಿಸುವ ಮುನಿ. ಅಮ್ಮನಿಗೆ ಇದನ್ನು ಓದಿ ಹೇಳಿ. ಅಶ್ವಮೇಧ ಮಾಡಿದ ದೊರೆಯೇ ಈ ಹೆಸರನ್ನು ಇಟ್ಟುಕೊಂಡಿದ್ದ ಅಂತಲೂ ಹೇಳಿ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮ ಒಪ್ಪಿದರು! ಈಗ ನಾದಿನಿ ಹೊಸದೊಂದು ಎತ್ತಿದ್ದಾರೆ. ಕೊನೆಗೆ ಸೋತ ರಾಜನ ಹೆಸರು ಯಾಕೆ ಅಂತ. ಮೇಷ್ಟ್ರೇ, ಏನು ಹೇಳಲಿ?

ಉತ್ತರ: ನಿವೃತ್ತ ಇತಿಹಾಸ ಮೇಷ್ಟ್ರು

ಸೋತದ್ದು ನಿಜ, ಮುಚ್ಚಿಡಬೇಡಿ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ‘ವಾತಾಪಿಕೊಂಡ’, ಅಂದರೆ ವಾತಾಪಿಯನ್ನು ಗೆದ್ದವನು, ಅಂತ ಹೆಸರು ಪಡೆದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ಪುಲಕೇಶಿ ಅದೇ ಯುದ್ಧದಲ್ಲಿ ತೀರಿಕೊಂಡ ಅನ್ನುವುದು ಇತಿಹಾಸಕಾರರ ಅಭಿಪ್ರಾಯ. ಅದಕ್ಕೂ ಮೊದಲು ಇದೇ ಪುಲಕೇಶಿ ನರಸಿಂಹವರ್ಮನ ತಂದೆ ಮಹೇಂದ್ರವರ್ಮನ ಮೇಲೆ ದಂಡೆತ್ತಿ ಕಂಚಿಯ ಹತ್ತಿರದವರೆಗೂ ಹೋಗಿದ್ದ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಮಗ ಒಂದನೇ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಗಳಿಸಿದ. ಅವನ ಮರಿಮಗ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನೇ ಗೆದ್ದ. ಗೆದ್ದವನು ಊರು ಸುಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ, ಅದನ್ನು ಕನ್ನಡದಲ್ಲಿ ಕಂಬದ ಮೇಲೆ ಬರೆಸಿದ. ಕಂಚಿಗೆ ಹೋದರೆ ಇವತ್ತಿಗೂ ನೋಡಬಹುದು. ಸೋಲು ಇಲ್ಲದ ದೊರೆಯ ಹೆಸರು ಹುಡುಕಲು ಹೊರಟರೆ ಇಡಲು ಹೆಸರೇ ಸಿಗುವುದಿಲ್ಲ ತಂಗಿ.

ಉತ್ತರ: ಮಗನಿಗೆ ನೃಪತುಂಗ ಅಂತ ಇಟ್ಟ ತಾಯಿ

ನಮ್ಮದು ಇದೇ ದಾರಿ, ಅದಕ್ಕೆ ಒಂದು ಮಾತು. ನೃಪತುಂಗ ಅನ್ನುವುದು ರಾಷ್ಟ್ರಕೂಟರ ಅಮೋಘವರ್ಷನ ಬಿರುದು. ಬೆಂಗಳೂರಿನಲ್ಲಿ ಆ ಹೆಸರು ಹೇಳಿದರೆ ‘ನೃಪತುಂಗ ರಸ್ತೆನಾ?’ ಅಂತ ಕೇಳುತ್ತಾರೆ. ನಿಮಗೂ ‘ಪುಲಿಕೇಶಿ ನಗರನಾ?’ ಅನ್ನುತ್ತಾರೆ. ಮೊದಲು ಬೇಜಾರಾಗುತ್ತಿತ್ತು. ಈಗ ಮಗನೇ ‘ಹೌದು, ಆ ರಸ್ತೆಗೆ ಇಟ್ಟಿರೋದು ನನ್ನ ಹೆಸರಿನ ರಾಜಂದೇ’ ಅಂತ ಹೇಳುತ್ತಾನೆ. ನಮಗೆ ನಿಜವಾದ ತೊಂದರೆ ಕೊಟ್ಟದ್ದು ‘ನೃ’ ಅಕ್ಷರ. ಕೆಲವರು ನ್ರು ಬರೆಯುತ್ತಾರೆ, ಕೆಲವರು ನ್ರ ಬರೆಯುತ್ತಾರೆ. ಲಸಿಕೆ ಕಾರ್ಡಿನಿಂದ ಹಿಡಿದು ಶಾಲೆಯ ಗುರುತಿನ ಚೀಟಿವರೆಗೆ ತಿದ್ದಿಸುತ್ತಾ ಬಂದಿದ್ದೇವೆ. ಪುಲಕೇಶಿಯಲ್ಲಿ ಅಷ್ಟು ಕಷ್ಟದ ಅಕ್ಷರ ಇಲ್ಲ. ಯಜಮಾನರಿಗೆ ಇನ್ನೂ ಅನುಮಾನ ಇದ್ದರೆ ತೊಟ್ಟಿಲಿಗೆ ಹಾಕುವಾಗ ಎರಡು ಹೆಸರು ಕರೆಯಿರಿ. ಆದರೆ ದಾಖಲೆಗೆ ಒಂದನ್ನೇ ಕೊಡಿ. ಎರಡನ್ನೂ ಸೇರಿಸಿ ಬರೆಸಿದರೆ ಮುಂದೆ ಶಾಲೆಯವರು ಎರಡನೆಯದನ್ನು ಕತ್ತರಿಸುತ್ತಾರೆ. ಕತ್ತರಿಸುವುದು ಯಾವಾಗಲೂ ಅಪರೂಪದ್ದನ್ನೇ.

ಕೇಳಿದವರು:

‘ಲ’ ಅಂತಲೇ ಮಾಡಿದೆವು. ಪುಲಕೇಶಿ. ಯಜಮಾನರು ಐಹೊಳೆ ಶಾಸನದ ಅನುವಾದ ಓದುತ್ತಾ ಕೂತಿದ್ದಾರೆ. ಕೊನೆಯದಾಗಿ, ಜನನ ಪ್ರಮಾಣಪತ್ರದಲ್ಲಿ ಹೆಸರು ಇನ್ನೂ ಸೇರಿಸಿಲ್ಲ. ತಡ ಆಯಿತಾ? ಇಂಗ್ಲಿಷ್‌ನಲ್ಲಿ ಕೊನೆಗೆ ‘ಎಸ್‌ಐ’ ಬರೆಯಬೇಕಾ, ‘ಎಸ್‌ಎಚ್‌ಐ’ ಬರೆಯಬೇಕಾ?

ಉತ್ತರ: ಜನನ ನೋಂದಣಿ ವಿಭಾಗದಲ್ಲಿ ಕೆಲಸ ಮಾಡಿದವರು

ತಡ ಆಗಿಲ್ಲ ಮೇಡಂ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದು ಆಸ್ಪತ್ರೆಯಿಂದಲೇ ಆಗಿರುತ್ತದೆ. ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಆದರೆ ಶುಲ್ಕ ಇಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಅಷ್ಟು ಬಿಡಬೇಡಿ, ಆಧಾರ್‌ಗೆ, ಶಾಲೆಗೆ ಮೊದಲೇ ಬೇಕಾಗುತ್ತದೆ. ಒಮ್ಮೆ ಸೇರಿಸಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭ ಅಲ್ಲ. ಅದಕ್ಕೆ ಅವಸರ ಮಾಡದೆ ಬರೆದು ಕೊಡಿ.

ಇಂಗ್ಲಿಷ್‌ನಲ್ಲಿ ‘ಎಸ್‌ಎಚ್‌ಐ’ ಬರೆಯಿರಿ. ಬರೀ ‘ಎಸ್‌ಐ’ ಬರೆದರೆ ಹೊರಗಿನವರು ‘ಪುಲಕೇಸಿ’ ಅಂತಲೇ ಓದುತ್ತಾರೆ. ಇನಿಷಿಯಲ್ ಹಾಕುವುದಾದರೆ ಮುಂದೆಯೋ ಹಿಂದೆಯೋ ಈಗಲೇ ತೀರ್ಮಾನಿಸಿ. ಪಾಸ್‌ಪೋರ್ಟ್‌ಗೆ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಚ್ಚು ಹಾಕುವ ಮೊದಲು ಕಂಪ್ಯೂಟರ್ ಪರದೆಯ ಮೇಲೆ ತೋರಿಸಲು ಕೇಳಿ. ಅಲ್ಲೇ ನಿಂತು ಲಕಾರ, ಶಕಾರ ಎರಡನ್ನೂ ನೋಡಿ, ಸರಿ ಇದ್ದರೆ ಮಾತ್ರ ಸಹಿ ಹಾಕಿ.