ಚಡಾವಿನಲ್ಲಿ ಜಾರುವ ಹಳೆಯ ಆಟೋಮ್ಯಾಟಿಕ್ ಗೇರ್ ಬಾಕ್ಸ್: ದುರಸ್ತಿಯೋ, ಬದಲಾವಣೆಯೋ?

ಪ್ರಶ್ನೆ (ಬದಿಯಡ್ಕದ ಸಮೀಪದಿಂದ)

ನನ್ನಲ್ಲಿರುವುದು 2010ರ ಮಾದರಿಯ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಡೀಸೆಲ್ ವಾಹನ. ಐದು ಗೇರಿನ ಆಟೋಮ್ಯಾಟಿಕ್. ಮೂರು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಈಗ 1,60,000 ಕಿ.ಮೀ. ದಾಟಿದೆ. ಮನೆಯಿಂದ ಗುಡ್ಡದ ಮೇಲಿನ ರಬ್ಬರ್ ತೋಟಕ್ಕೆ ಹೋಗುವ ದಾರಿ ಮುರಕಲ್ಲಿನ ಕಡಿದಾದ ಚಡಾವು. ಬೆಳಿಗ್ಗೆ ಮೊದಲ ಸಲ ಹತ್ತುವಾಗ ತೊಂದರೆಯಿಲ್ಲ. ಗೊಬ್ಬರದ ಚೀಲಗಳನ್ನು ಹೇರಿಕೊಂಡು ಎರಡು ಮೂರು ಸಲ ಹತ್ತಿಳಿದ ಮೇಲೆ, ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಎಂಜಿನ್ ಒಮ್ಮೆಲೇ ಕೂಗಿಕೊಳ್ಳುತ್ತದೆ, ವೇಗ ಮಾತ್ರ ಏರುವುದಿಲ್ಲ. ರಿವರ್ಸಿಗೆ ಹಾಕಿದರೆ ತುಸು ತಡೆದು ದಡಕ್ಕನೆ ಹಿಡಿಯುತ್ತದೆ. ಒಂದು ಗ್ಯಾರೇಜಿನವರು ಗುಜರಿಯಿಂದ ಬೇರೆ ಗೇರ್ ಬಾಕ್ಸ್ ತಂದು ಕೂರಿಸೋಣ ಎನ್ನುತ್ತಾರೆ, ಇನ್ನೊಬ್ಬರು ಯಂತ್ರ ಹಚ್ಚಿ ಆಯಿಲ್ ಫ್ಲಶ್ ಮಾಡಿದರೆ ಸಾಕು ಎನ್ನುತ್ತಾರೆ. ಮ್ಯಾನ್ಯುವಲ್‌ಗೆ ಬದಲಿಸಿಬಿಡಿ ಎಂದವರೂ ಇದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ಮುಳ್ಳೇರಿಯದಿಂದ)

ಭಾವ, ನೀವು ಬರೆದ ಲಕ್ಷಣಗಳೆಲ್ಲವೂ ಆರು ವರ್ಷಗಳ ಹಿಂದೆ ನನ್ನ ವಾಹನದಲ್ಲಿ ಇದ್ದವು. ಗೇರ್ ಬಾಕ್ಸ್ ಬಿಚ್ಚಿಸುವ ಮಾತಿಗೆ ಈಗಲೇ ಒಪ್ಪಿಕೊಳ್ಳಬೇಡಿ. ಮೊದಲು ಗೇರ್ ಬಾಕ್ಸಿನ ಆಯಿಲ್ ನೋಡಿ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹತ್ತು ಹದಿನೈದು ಕಿ.ಮೀ. ಓಡಿ ಬಿಸಿಯಾಗಿರುವಾಗಲೇ, ಬ್ರೇಕ್ ತುಳಿದುಕೊಂಡು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ಪಾರ್ಕಿಗೆ ತಂದು, ಎಂಜಿನ್ ಚಾಲೂ ಇರುವಂತೆಯೇ ಎಣ್ಣೆಯ ಮಟ್ಟ ನೋಡುವ ಕಡ್ಡಿ ತೆಗೆದು ಒರಸಿ ನೋಡಬೇಕು. ಎಂಜಿನ್ ಆಯಿಲಿನ ಹಾಗೆ ಬಂದ್ ಮಾಡಿ ನೋಡಿದರೆ ಹೆಚ್ಚಿನ ಗೇರ್ ಬಾಕ್ಸುಗಳಲ್ಲಿ ತಪ್ಪು ಮಟ್ಟ ಸಿಗುತ್ತದೆ. ಕಡ್ಡಿಯೇ ಇಲ್ಲದ, ಪಕ್ಕದ ಬೋಲ್ಟು ತೆಗೆದು ನೋಡಬೇಕಾದ ಮಾದರಿಯಾದರೆ ತಯಾರಕರು ಹೇಳಿದ ಉಷ್ಣಾಂಶದಲ್ಲಿಯೇ ನೋಡಿಸಬೇಕು. ಎರಡು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಿದ್ದರೆ, ತುಸು ಕಂದಿದ್ದರೂ, ಭಯವಿಲ್ಲ. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಗೇರುಗಳನ್ನು ಹಿಡಿಯುವ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ ಎಂದು ತಿಳಿಯಬೇಕು.

ನಮ್ಮ ಗುಡ್ಡಗಳಲ್ಲಿ ಆಟೋಮ್ಯಾಟಿಕ್ ಏಕೆ ಬೇಗ ಸೊರಗುತ್ತದೆ ಎಂಬುದು ಅರ್ಥವಾದರೆ ಯಾವುದಕ್ಕೆ ಮೊದಲು ಹಣ ಹಾಕಬೇಕೆಂಬುದೂ ತಿಳಿಯುತ್ತದೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಎಣ್ಣೆಯ ಹರಿವಿನಿಂದಲೇ ಬಲವನ್ನು ದಾಟಿಸುತ್ತದೆ. ಹೆದ್ದಾರಿಯಲ್ಲಿ ಒಂದು ವೇಗ ದಾಟಿದ ಮೇಲೆ ಅದರೊಳಗಿನ ಲಾಕ್ ಅಪ್ ಕ್ಲಚ್ ಹಿಡಿದುಕೊಂಡು ಜಾರುವಿಕೆ ನಿಲ್ಲುತ್ತದೆ. ನಿಧಾನವಾಗಿ ಭಾರ ಹೊತ್ತು ಹತ್ತುವಾಗ ಅದು ಹಿಡಿಯುವುದೇ ಇಲ್ಲ, ಜಾರುವಿಕೆಯಷ್ಟೂ ಎಣ್ಣೆಯಲ್ಲಿ ಶಾಖವಾಗಿ ಉಳಿಯುತ್ತದೆ. ಎಣ್ಣೆ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬಹುಕಾಲ ಬಾಳುತ್ತದೆ. 120 ದಾಟಿದರೆ ಬೇಗ ಕೆಡುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗಿ ಒತ್ತಡ ಸೋರುತ್ತದೆ. ಬಿಸಿಯಾದ ಮೇಲೆ ಮಾತ್ರ ಗೇರು ಜಾರುವುದಕ್ಕೆ ಇದೇ ಹೆಚ್ಚಾಗಿ ಕಾರಣ. ಎಣ್ಣೆ ತೆಳುವಾಗುತ್ತದೆ, ಸೀಲು ಹಿಡಿಯುವುದಿಲ್ಲ, ಕ್ಲಚ್ಚನ್ನು ಒತ್ತಿ ಹಿಡಿಯುವ ಒತ್ತಡ ಸಾಲುವುದಿಲ್ಲ.

ನಾನು ಮಾಡಿಸಿದ್ದು ಹೀಗೆ. ಕೆಳಗಿನ ತಟ್ಟೆ ಬಿಚ್ಚಿಸಿ ಒಳಗಿನ ಅಯಸ್ಕಾಂತವನ್ನು ನಾನೇ ನೋಡಿದೆ. ಬೂದು ಬಣ್ಣದ ನುಣುಪಾದ ಕೆಸರು ಮಾತ್ರ ಇತ್ತು, ಅದು ಸಹಜವಾದ ಸವೆತ. ಲೋಹದ ಚೂರುಗಳು ಅಥವಾ ಕಪ್ಪು ಹಾಳೆಯಂಥ ತುಣುಕುಗಳಿದ್ದಿದ್ದರೆ ಬಿಚ್ಚಿಸದೆ ಗತಿಯಿರಲಿಲ್ಲ. ಫಿಲ್ಟರ್ ಬದಲಿಸಿ ಹೊಸ ಎಣ್ಣೆ ಹಾಕಿದೆವು. ಒಂದು ಸಲ ಬಸಿದಾಗ ಅರ್ಧದಷ್ಟೂ ಹೊರಬರುವುದಿಲ್ಲ, ಉಳಿದದ್ದು ಕನ್ವರ್ಟರಿನಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಕೆಲವು ನೂರು ಕಿ.ಮೀ. ಅಂತರದಲ್ಲಿ ಮೂರು ಸಲ ಬಸಿದು ತುಂಬಿಸಿದೆವು. ಯಂತ್ರದ ಫ್ಲಶ್ಶಿಗೆ ನಾನು ಒಪ್ಪಲಿಲ್ಲ, ವರ್ಷಗಟ್ಟಲೆ ಬದಲಿಸದ ಗೇರ್ ಬಾಕ್ಸಿನಲ್ಲಿ ತಳದಲ್ಲಿ ಕೂತ ಕಸವನ್ನು ಎಬ್ಬಿಸಿ, ಎಣ್ಣೆಯ ಒತ್ತಡವನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯ ಕಿರಿದಾದ ದಾರಿಗಳಿಗೆ ಅಟ್ಟುವುದು ನನಗೆ ಸರಿ ಕಾಣಲಿಲ್ಲ. ಎಣ್ಣೆಯ ಜಾತಿಯ ವಿಷಯದಲ್ಲಿ ಎಳ್ಳಷ್ಟೂ ರಾಜಿ ಬೇಡ: ಡೆಕ್ಸ್‌ರಾನ್, ಟೊಯೊಟಾದ ಡಬ್ಲ್ಯು ಎಸ್, ಮಿತ್ಸುಬಿಷಿಯ ಎಸ್‌ಪಿ-3, ಇವುಗಳ ಘರ್ಷಣೆಯ ಗುಣ ಬೇರೆ ಬೇರೆ, ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಿಸಬೇಕು.

ಮುಂದಿನ ಖರ್ಚು ಕೂಲರ್. ಮೂಲದ ಕೂಲರ್ ರೇಡಿಯೇಟರಿನ ನೀರಿನೊಳಗೆ ಇರುವುದರಿಂದ ನೀರು 90 ಡಿಗ್ರಿಯಲ್ಲಿದ್ದರೆ ಎಣ್ಣೆ ಅದಕ್ಕಿಂತ ತಣ್ಣಗಾಗಲಾರದು. ರೇಡಿಯೇಟರಿನಿಂದ ಹೊರಬರುವ ಎಣ್ಣೆಯ ಕೊಳವೆಗೆ, ಗಾಳಿ ತಾಗುವ ಜಾಗದಲ್ಲಿ, ಪ್ಲೇಟುಗಳನ್ನು ಒತ್ತಾಗಿ ಜೋಡಿಸಿದ ಬಗೆಯ ಕೂಲರನ್ನು ಸೇರಿಸಿದೆ, ಅದಕ್ಕೂ ಮೊದಲೇ ಒಂದು ಉಷ್ಣತಾ ಮಾಪಕವನ್ನೂ ಕೂರಿಸಿದ್ದೆ. ಅದೇ ಚಡಾವಿನಲ್ಲಿ 125 ತೋರಿಸುತ್ತಿದ್ದದ್ದು 100ರ ಆಸುಪಾಸಿಗೆ ಇಳಿಯಿತು, ಜಾರುವಿಕೆ ಮತ್ತೆ ಕಾಣಿಸಿಲ್ಲ. ಇನ್ನೂ ಒಂದು ಮಾತು, ಇದಕ್ಕೆ ಹಣವೇ ಬೇಡ: ತೋಟದ ದಾರಿಯಲ್ಲಿ ಫೋರ್ ಲೋ (ನಾಲ್ಕೂ ಚಕ್ರಗಳಿಗೆ ನಿಧಾನವಾದ, ಹೆಚ್ಚು ಎಳೆತದ ಗೇರು) ಹಾಕಿ ಹತ್ತಿ. ಟ್ರಾನ್ಸ್‌ಫರ್ ಕೇಸಿನಲ್ಲಿ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಗೇರು ಇಳಿಯುವುದರಿಂದ ಕನ್ವರ್ಟರಿನ ಮೇಲಿನ ಹೊರೆಯೂ ಶಾಖವೂ ಕಡಿಮೆಯಾಗುತ್ತವೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಮಾತ್ರ ಅದನ್ನು ಬಳಸಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳವಿದೆ, ಅದರಿಂದ ಎಷ್ಟೋ ಗೇರ್ ಬಾಕ್ಸುಗಳು ಹಾಳಾಗಿವೆ. ಒಣಗಿದ ಡಾಮರು ರಸ್ತೆಯಲ್ಲಿ ಮಾತ್ರ ಅದನ್ನು ಹಾಕಬಾರದು.

ಉತ್ತರ (ಪೆರ್ಲದಿಂದ)

ಮೇಲಿನವರು ಹೇಳಿದ ರೇಡಿಯೇಟರಿನೊಳಗಿನ ಕೂಲರೇ ನನ್ನ ಗೇರ್ ಬಾಕ್ಸನ್ನು ಹಾಳುಮಾಡಿತು. ಹನ್ನೆರಡು ವರ್ಷ ಹಳೆಯ ರೇಡಿಯೇಟರು ಒಳಗೇ ತೂತಾಗಿ ಕೂಲೆಂಟೂ ಎಣ್ಣೆಯೂ ಬೆರೆತವು. ಕಡ್ಡಿ ತೆಗೆದರೆ ಸ್ಟ್ರಾಬೆರಿ ಹಾಲಿನಂಥ ತಿಳಿಗೆಂಪು ನೊರೆ. ಅದನ್ನು ನೋಡಿದ ಗ್ಯಾರೇಜಿನವರು ಎಣ್ಣೆ ಬದಲಿಸಿ ಓಡಿಸಿ ಎಂದರು, ನಾನೂ ಕೇಳಿದೆ. ಎರಡು ವಾರದೊಳಗೆ ಯಾವ ಗೇರೂ ಹಿಡಿಯದಾಯಿತು. ಪ್ಲೇಟುಗಳ ಮೇಲಿನ ಘರ್ಷಣೆಯ ಪದರವನ್ನು ಅಂಟಿಸಿದ ಅಂಟನ್ನು ಕೂಲೆಂಟಿನಲ್ಲಿರುವ ನೀರೂ ಗ್ಲೈಕಾಲೂ ಬಿಡಿಸುತ್ತವೆ ಎಂದು ಆಮೇಲೆ ತಿಳಿಯಿತು. ಇಂಥ ಬಣ್ಣ ಕಂಡರೆ ಒಂದು ಕಿ.ಮೀ. ಕೂಡ ಓಡಿಸಬೇಡಿ, ಎತ್ತಿಸಿಕೊಂಡೇ ಹೋಗಿ. ಕೂಲರ್ ಹಾಕಿಸುವಾಗ ರೇಡಿಯೇಟರು ಹತ್ತು ವರ್ಷ ದಾಟಿದ್ದರೆ ಅದನ್ನೂ ಬದಲಿಸಿಬಿಡುವುದು ಉತ್ತಮ. ನಮ್ಮ ಹವೆಯಲ್ಲಿ ಎಣ್ಣೆ ತೀರಾ ತಣ್ಣಗಾಗುವ ಚಿಂತೆಯಿಲ್ಲದ್ದರಿಂದ ನಾನು ಎಣ್ಣೆಯನ್ನು ರೇಡಿಯೇಟರಿಗೆ ಹೋಗಗೊಡದೆ ಬೇರೆಯದೇ ದೊಡ್ಡ ಕೂಲರಿಗೆ ಹಾಯಿಸಿದ್ದೇನೆ.

ಉತ್ತರ (ಬಂದಡ್ಕದಿಂದ)

ಮಳೆಗಾಲದಲ್ಲಿ ತೋಡು ದಾಟುವವರಿಗೆ ಒಂದು ಎಚ್ಚರಿಕೆ. ಬಿಸಿಯಾದ ಗೇರ್ ಬಾಕ್ಸ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಆಕ್ಸೆಲ್‌ಗಳ ಉಸಿರುಕೊಳವೆಗಳಿಗೆ ಉದ್ದನೆಯ ರಬ್ಬರ್ ಪೈಪು ಸೇರಿಸಿ ಬಾನೆಟ್ಟಿನ ಒಳಗೆ ಮೇಲಕ್ಕೆ ಕಟ್ಟಿಸಿದ್ದೇನೆ. ಎಲ್ಲ ಸುಧಾರಣೆಗಳಲ್ಲಿ ಇದೇ ಅಗ್ಗ. ಹಾಗೆಯೇ ಚಡಾವಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್ ಎಳೆದು, ವಾಹನದ ಭಾರ ಅದರ ಮೇಲೆ ನಿಂತ ಮೇಲೆಯೇ ಪಾರ್ಕಿಗೆ ಹಾಕಿ. ಇಲ್ಲವಾದರೆ ಅಷ್ಟೂ ಭಾರ ಒಳಗಿನ ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

ಉತ್ತರ (ಮಂಗಳೂರಿನಲ್ಲಿ ದುರಸ್ತಿ ಕೆಲಸದಲ್ಲಿರುವ ಉಪ್ಪಳದವರಿಂದ)

ಸ್ಕ್ಯಾನರ್ ಹಚ್ಚಿ ದಾಖಲಾದ ದೋಷಗಳನ್ನು ಓದಿಸದೆ ಯಾರ ಮಾತಿನ ಮೇಲೂ ಗೇರ್ ಬಾಕ್ಸ್ ಇಳಿಸಬೇಡಿ. ಸೊಲೆನಾಯ್ಡ್ (ಎಣ್ಣೆಯ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್), ವೇಗದ ಸೆನ್ಸರ್, ಕ್ಷೀಣಿಸಿದ ಬ್ಯಾಟರಿ, ತುಕ್ಕು ಹಿಡಿದ ಅರ್ತ್ ತಂತಿ, ಇವುಗಳಲ್ಲಿ ಒಂದು ಕೆಟ್ಟರೂ ಕಂಪ್ಯೂಟರು ಗೇರ್ ಬಾಕ್ಸನ್ನು ಒಂದೇ ಗೇರಿನಲ್ಲಿ ನಿಲ್ಲಿಸಿಬಿಡಬಹುದು. ತೋಟದ ಮನೆಗಳಿಂದ ಬರುವ ವಾಹನಗಳಲ್ಲಿ ಇಲಿ ಕಡಿದ ವೈರುಗಳನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ. ಸ್ಟಾಲ್ ಪರೀಕ್ಷೆ ಮಾಡಿಸುವುದಾದರೆ, ಎಂದರೆ ಬ್ರೇಕನ್ನು ಪೂರ್ತಿ ತುಳಿದು ಡ್ರೈವಿನಲ್ಲಿ ಆಕ್ಸಿಲರೇಟರ್ ಒತ್ತಿ ಎಂಜಿನ್ ಎಷ್ಟು ಸುತ್ತಿಗೆ ಏರುತ್ತದೆಂದು ನೋಡುವುದಾದರೆ, ಐದು ಸೆಕೆಂಡಿಗಿಂತ ಹೆಚ್ಚು ಒತ್ತಗೊಡಬೇಡಿ, ಎದುರಿಗೆ ಯಾರೂ ನಿಲ್ಲಬಾರದು.

ಗುಜರಿಯ ಗೇರ್ ಬಾಕ್ಸಿನ ಪೂರ್ವಾಪರ ಯಾರಿಗೂ ತಿಳಿದಿರುವುದಿಲ್ಲ. ಬಿಡಿಭಾಗ ಹುಡುಕುವಾಗ ವಾಹನದ ಹೆಸರಿಗಿಂತ ಗೇರ್ ಬಾಕ್ಸಿನ ಮೇಲಿನ ಸಂಕೇತವನ್ನು ಹಿಡಿದು ಹುಡುಕಿ, ಏಕೆಂದರೆ ತಯಾರಕರು ಹಲವು ಸಲ ಬೇರೆಯವರೇ ಆಗಿರುತ್ತಾರೆ. ಜೀಪ್ ಚೆರೋಕಿಯಲ್ಲಿ 1987ರಿಂದ 2001ರ ತನಕ ಬಂದ ಎಡಬ್ಲ್ಯು4, ಟೊಯೊಟಾದ ಎ340, ಎರಡೂ ಜಪಾನಿನ ಐಸಿನ್ ತಯಾರಿಸಿದ ಒಂದೇ ಕುಟುಂಬದವು. ಸ್ಕಾರ್ಪಿಯೊದಲ್ಲಿ 2008ರಲ್ಲಿ ಬಂದ ಆರು ಗೇರಿನ ಆಟೋಮ್ಯಾಟಿಕ್ ಆಸ್ಟ್ರೇಲಿಯಾದ ಡಿಎಸ್‌ಐ ಕಂಪನಿಯದು. ಬಿಚ್ಚಿ ಕಟ್ಟುವುದೇ ಆದರೆ ಪ್ಲೇಟು, ಸೀಲುಗಳೊಂದಿಗೆ ಕನ್ವರ್ಟರನ್ನೂ ಬದಲಿಸಬೇಕು, ಕೂಲರಿನ ಕೊಳವೆಗಳನ್ನು ತೊಳೆಯಬೇಕು. ಇಲ್ಲವಾದರೆ ಹಳೆಯ ಕಸ ಹೊಸ ಪ್ಲೇಟುಗಳಿಗೇ ಹೋಗಿ ಸೇರುತ್ತದೆ. ಮ್ಯಾನ್ಯುವಲ್ಲಿಗೆ ಬದಲಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಪೆಡಲು, ಫ್ಲೈವೀಲು, ಪ್ರೊಪೆಲರ್ ಶಾಫ್ಟಿನ ಉದ್ದ, ಎಂಜಿನ್ ಕಂಪ್ಯೂಟರು, ಎಲ್ಲವನ್ನೂ ಹೊಂದಿಸುವಷ್ಟರಲ್ಲಿ ಒಳ್ಳೆಯ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಕಟ್ಟಿಸುವ ಖರ್ಚನ್ನೂ ಮೀರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬಿಸಿಯಿರುವಾಗಲೇ ನೋಡಿದಾಗ ಎಣ್ಣೆ ಕಡ್ಡಿಯ ಕೆಳಗಿನ ಗುರುತಿಗೂ ತಾಗಲಿಲ್ಲ. ಬಣ್ಣ ಕಂದಿದೆ, ಸುಟ್ಟ ವಾಸನೆಯಿಲ್ಲ. ತಟ್ಟೆಯ ಗ್ಯಾಸ್ಕೆಟ್ಟಿನ ಒಂದು ಮೂಲೆಯಲ್ಲಿ ಸೋರಿದ ಗುರುತು ಸ್ಪಷ್ಟವಾಗಿದೆ. ಸ್ಕ್ಯಾನಿನಲ್ಲಿ ಯಾವ ದೋಷವೂ ಬಂದಿಲ್ಲ. ಬುಧವಾರ ಗ್ಯಾಸ್ಕೆಟ್, ಫಿಲ್ಟರ್, ಎಣ್ಣೆ ಬದಲಿಸಿ, ಅಯಸ್ಕಾಂತದಲ್ಲಿ ಏನು ಸಿಕ್ಕಿತೆಂದು ಇಲ್ಲಿಯೇ ಬರೆಯುತ್ತೇನೆ. ಕೂಲರನ್ನೂ ಉಸಿರುಕೊಳವೆಗಳನ್ನೂ ಮಳೆ ಹಿಡಿಯುವ ಮೊದಲು ಮಾಡಿಸುತ್ತೇನೆ, ಅಲ್ಲಿಯ ತನಕ ಗೊಬ್ಬರ ಹೊರುವುದಕ್ಕೆ ಪಕ್ಕದ ಮನೆಯವರ ಜೀಪು ಕೇಳಿಕೊಂಡಿದ್ದೇನೆ.