ಪಂಚಾಯಿತಿ ಆಸ್ತಿಗಳ ನಕ್ಷೆ ಮತ್ತು ಪಟ್ಟಿ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ಶ್ರೀನಿವಾಸಪುರ ತಾಲ್ಲೂಕು

ಮಾನ್ಯರೇ, ನಮ್ಮ ಪಂಚಾಯಿತಿಗೆ ಸೇರಿದ ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕ್, ಸಮುದಾಯ ಭವನ, ಕಲ್ಯಾಣಿ, ಗುಂಡುತೋಪು, ಸ್ಮಶಾನ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ ಒಂದೇ ಪಟ್ಟಿಗೆ ತರಬೇಕೆಂದು ಸಾಮಾನ್ಯ ಸಭೆಯಲ್ಲಿ ತೀರ್ಮಾನಿಸಿದ್ದೇವೆ. ಕಚೇರಿಯ ಆಸ್ತಿ ವಹಿಯಲ್ಲಿ ಯೋಜನೆಯ ಹೆಸರು ಮತ್ತು ಖರ್ಚಾದ ಮೊತ್ತ ಇದೆಯೇ ಹೊರತು, ಆಸ್ತಿ ಎಲ್ಲಿದೆ, ಈಗ ಯಾವ ಸ್ಥಿತಿಯಲ್ಲಿದೆ ಎಂಬುದಿಲ್ಲ. ‘ಶಾಲೆ ಹತ್ತಿರದ ಬೋರ್‌ವೆಲ್’ ಎಂಬ ನಮೂದು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದ್ದು, ಅದು ಒಂದೇ ಬಾವಿಯೋ ಹಲವೋ ಎಂದು ಹೇಳಬಲ್ಲವರು ವಾಟರ್‌ಮನ್ ಒಬ್ಬರೇ. ಈ ಕೆಲಸವನ್ನು ಮೊಬೈಲ್‌ನಲ್ಲೇ ಮಾಡಬಹುದೇ? ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಉತ್ತರ: ನಿವೃತ್ತ ಕಂದಾಯ ನೌಕರ, ಚಿಂತಾಮಣಿ

ಮೇಡಂ, ಜಮೀನನ್ನು ಒಂದು ಪಟ್ಟಿಯಲ್ಲಿ, ಜಮೀನಿನ ಮೇಲಿರುವುದನ್ನು ಇನ್ನೊಂದು ಪಟ್ಟಿಯಲ್ಲಿ ಬರೆದುಕೊಳ್ಳಿ. ಗುಂಡುತೋಪು, ಸ್ಮಶಾನ, ಕೆರೆಯಂಗಳ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ದಾರಿ ಇವುಗಳಿಗೆ ಆಧಾರ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಪಹಣಿ. ಇವನ್ನು ಮುಂದಿಟ್ಟುಕೊಳ್ಳದೆ ಹೊರಟರೆ ಪಂಚಾಯಿತಿಗೆ ಸೇರದ್ದೂ ಪಟ್ಟಿಗೆ ಸೇರುತ್ತದೆ. ಕೆರೆಯನ್ನೇ ನೋಡಿ: 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆಯ ನೀರು ಉಣ್ಣುವ ಜಮೀನಿನ) ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಬರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಆದ್ದರಿಂದ ‘ಯಾರ ಸ್ವಾಧೀನ, ಯಾರ ನಿರ್ವಹಣೆ’ ಎಂಬ ಎರಡು ಕಾಲಂ ಇರಲೇಬೇಕು.

ದಿಶಾಂಕ್ ಆ್ಯಪ್ ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ, ಅದರಿಂದ ತುಂಬಾ ಅನುಕೂಲವಿದೆ. ಆದರೆ ಮೊಬೈಲ್‌ನ ಜಿಪಿಎಸ್ ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ಆಗುತ್ತದೆ. ಕೊಳವೆಬಾವಿಗೆ ಅಷ್ಟು ಸಾಕು. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತಾ ಬಂದಿರುವ ಗುಂಡುತೋಪಿಗೆ ಆ ಕೆಲವು ಮೀಟರೇ ತಕರಾರಿನ ಮೂಲ. ಅಲ್ಲಿ ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸುವುದೊಂದೇ ದಾರಿ.

ಉತ್ತರ: ಕುಡಿಯುವ ನೀರಿನ ಕಾಮಗಾರಿಗಳ ಎಂಜಿನಿಯರ್, ತುಮಕೂರು

ನನ್ನ ಸಲಹೆ ಏನೆಂದರೆ, ನೀರಿನ ಆಸ್ತಿಗಳಿಂದ ಆರಂಭಿಸಿ. ಪಂಚಾಯಿತಿಯ ಹಣ ಹೆಚ್ಚು ಹೋಗುವುದು ಅಲ್ಲಿಗೇ. ಪ್ರತಿ ಕೊಳವೆಬಾವಿಗೆ ಎಂದಿಗೂ ಬದಲಾಗದ ಒಂದು ಸಂಖ್ಯೆ ಕೊಟ್ಟು, ಅದನ್ನು ಸ್ಟಾರ್ಟರ್ ಪೆಟ್ಟಿಗೆಯ ಮೇಲೂ ಬಣ್ಣದಲ್ಲಿ ಬರೆಸಿ. ಅದರ ಪಕ್ಕದಲ್ಲಿ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ನಮೂದಿಸಿದರೆ, ಬತ್ತಿಹೋದ ಬಾವಿಯ ಹೆಸರಿನಲ್ಲಿ ಇನ್ನೂ ಬಿಲ್ ಬರುತ್ತಿದೆಯೇ ಎಂಬುದು ಆ ದಿನವೇ ತಿಳಿಯುತ್ತದೆ.

ಮೋಟಾರನ್ನು ಬಾವಿಯೊಂದಿಗೆ ಸೇರಿಸಿ ಬರೆಯಬೇಡಿ. ನಮ್ಮ ಕಡೆ ಒಂದು ಬೋರ್ ಬತ್ತಿದರೆ ಅದರ ಮೋಟಾರ್, ಪೈಪ್, ಕೇಬಲ್ ಎತ್ತಿ ಇನ್ನೊಂದಕ್ಕೆ ಇಳಿಸುವುದು ಸಾಮಾನ್ಯ. ಬಾವಿ ಇದ್ದಲ್ಲೇ ಇರುತ್ತದೆ, ಮೋಟಾರ್ ಊರೂರು ತಿರುಗುತ್ತದೆ. ಮೋಟಾರಿಗೆ ಪ್ರತ್ಯೇಕ ಸಂಖ್ಯೆ ಇದ್ದು, ಯಾವ ದಿನ ಎಲ್ಲಿಂದ ಎಲ್ಲಿಗೆ ಹೋಯಿತು, ಯಾವಾಗ ರಿವೈಂಡಿಂಗ್ ಆಯಿತು ಎಂದು ಬರೆದಿಟ್ಟರೆ ದುರಸ್ತಿಯ ಬಿಲ್ಲುಗಳನ್ನು ಪರಿಶೀಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ನೀರಿಲ್ಲದ ಬಾವಿಯನ್ನು ಪಟ್ಟಿಯಿಂದ ತೆಗೆಯಲೇಬೇಡಿ. ಪಾಳುಬಿದ್ದ ಕೊಳವೆಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ಮುಚ್ಚಬೇಕೆಂದೂ, ಬಳಕೆಯಲ್ಲಿರುವ ಮತ್ತು ಪಾಳುಬಿದ್ದ ಬಾವಿಗಳ ವಿವರವನ್ನು ಜಿಲ್ಲಾ ಮಟ್ಟದಲ್ಲಿ ಇಡಬೇಕೆಂದೂ ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ನೀಡಿದೆ. ಮಗುವೊಂದು ಬಿದ್ದ ಮೇಲೆ ಆ ಬಾವಿ ಯಾರದೆಂದು ಹುಡುಕುವ ಸ್ಥಿತಿ ಯಾವ ಪಂಚಾಯಿತಿಗೂ ಬರಬಾರದು.

ಮಾಹಿತಿ ಸಂಗ್ರಹಕ್ಕೆ ಓಡಿಕೆ ಕಲೆಕ್ಟ್ ಎಂಬ ಉಚಿತ ಆ್ಯಪ್ ಇದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಸಿದ್ಧಪಡಿಸಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ಫೋಟೊ ಮತ್ತು ಸ್ಥಳ ದಾಖಲಾಗುತ್ತವೆ. ನಂತರ ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್ ತಂತ್ರಾಂಶಕ್ಕೆ ಹಾಕಿದರೆ ನಕ್ಷೆ ಸಿದ್ಧ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನರೇಗಾ ಕಾಮಗಾರಿಗಳ ಸ್ಥಳ ಮತ್ತು ಫೋಟೊ ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಈಗಾಗಲೇ ಇವೆಯಲ್ಲ, ಅವನ್ನೇ ತೆಗೆದುಕೊಂಡರೆ ಸಾಲದೇ?

ಉತ್ತರ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕೋಲಾರ ಜಿಲ್ಲೆ

ತೆಗೆದುಕೊಳ್ಳಿ, ಆದರೆ ನೇರವಾಗಿ ಪಟ್ಟಿಗೆ ಸೇರಿಸಬೇಡಿ. ಅಲ್ಲಿರುವುದು ಕಾಮಗಾರಿಗಳ ಪಟ್ಟಿ. ಒಂದೇ ಕೆರೆಯ ಹೂಳನ್ನು ಮೂರು ವರ್ಷ ತೆಗೆದಿದ್ದರೆ ಮೂರು ಗುರುತುಗಳಿರುತ್ತವೆ, ಕೆರೆ ಮಾತ್ರ ಒಂದೇ. ನಿಮ್ಮ ವಹಿಯಲ್ಲಿ ‘ಶಾಲೆ ಹತ್ತಿರದ ಬೋರ್‌ವೆಲ್’ ಮತ್ತೆ ಮತ್ತೆ ಬಂದಿರುವುದಕ್ಕೂ ಬಹುಶಃ ಇದೇ ಕಾರಣ: ಕೊರೆಸಿದ್ದು ಒಂದು ಯೋಜನೆಯಲ್ಲಿ, ಮೋಟಾರ್ ಇಳಿಸಿದ್ದು ಇನ್ನೊಂದರಲ್ಲಿ, ಪೈಪ್‌ಲೈನ್ ಎಳೆದದ್ದು ಮತ್ತೊಂದರಲ್ಲಿ. ಮೊದಲು ಆಸ್ತಿಗೆ ಸಂಖ್ಯೆ ಕೊಟ್ಟು, ಆಮೇಲೆ ಅದರ ಕೆಳಗೆ ಕಾಮಗಾರಿಗಳನ್ನು ಒಂದೊಂದಾಗಿ ಜೋಡಿಸಿ.

ಗ್ರಾಮಗಳ ಮನೆ, ನಿವೇಶನಗಳನ್ನು ಅಳೆದು ದಾಖಲೆ ಕೊಡುವ ಸ್ವಾಮಿತ್ವ ಯೋಜನೆಯ ಡ್ರೋನ್ ಸಮೀಕ್ಷೆ ನಿಮ್ಮ ಗ್ರಾಮಗಳಲ್ಲಿ ಮುಗಿದಿದ್ದರೆ ಆ ನಕ್ಷೆಯನ್ನೂ ಬಳಸಿ. ಆದರೆ ಅದು ಜನವಸತಿ ಪ್ರದೇಶಕ್ಕೆ ಸೀಮಿತ.

ಸ್ಥಳಕ್ಕೆ ಹೋಗುವಾಗ ವಾಟರ್‌ಮನ್ ಜೊತೆಗಿರಲಿ. ನೆಲದಡಿಯ ಪೈಪ್‌ಲೈನ್ ಎಲ್ಲಿ ತಿರುಗುತ್ತದೆ, ಯಾವ ವಾಲ್ವ್ ಮಣ್ಣಿನಲ್ಲಿ ಹೂತುಹೋಗಿದೆ ಎಂಬುದು ಅವರ ನೆನಪಿನಲ್ಲಷ್ಟೇ ಇರುತ್ತದೆ. ಕರಡು ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಿ, ಬಿಟ್ಟುಹೋದದ್ದನ್ನು ಜನರಿಂದಲೇ ಕೇಳಿ ಸೇರಿಸಿ, ನಂತರ ಗ್ರಾಮ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸಿ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ದುರಸ್ತಿಗೆ ಹಣ ಇಡುವಾಗ ಆಸ್ತಿಯ ಸಂಖ್ಯೆ ಇಲ್ಲದ ಪ್ರಸ್ತಾವವನ್ನು ತೆಗೆದುಕೊಳ್ಳುವುದಿಲ್ಲ ಎಂದು ಅದೇ ಸಭೆಯಲ್ಲಿ ಠರಾವು ಮಾಡಿಸಿಕೊಳ್ಳಿ.