ಸಮಸ್ಯೆ: ತಾಯಿಗಿಂತಲು ಮಗನೆ ಹಿರಿಯನಾದ

ಪೃಚ್ಛಕ:
ಈ ವಾರದ ಸಾಲು ತಲೆಬರಹದಲ್ಲೇ ಇದೆ. ಛಂದಸ್ಸು ಪಂಚಮಾತ್ರೆಯ ಚೌಪದಿ. ಕೊನೆಯ ಸಾಲು ನನ್ನದು, ಮೇಲಿನ ಮೂರು ಹಾಕಿ ಪೂರಣ ಮಾಡುವುದು ನಿಮ್ಮದು. ಎರಡನೇ ಅಕ್ಷರ ಯಕಾರವೇ ಆಗಬೇಕು, ಪ್ರಾಸ ಬಿಟ್ಟರೆ ಲೆಕ್ಕಕ್ಕಿಲ್ಲ. ವಸ್ತು ವಿಶ್ವದ ವಯಸ್ಸು: ತಾಯಿ ಅಂದರೆ ವಿಶ್ವ, ಮಗ ಅಂದರೆ ಅದರೊಳಗಿನ ಭೂಮಿ, ನಕ್ಷತ್ರ. ಪುರಾಣದ ಕಡೆ ಓಡಬೇಡಿ. ಇದು ಸುಮ್ನೆ ತಮಾಷೆಗೆ ಕೊಟ್ಟ ಸಾಲಲ್ಲ. ಖಗೋಳದವರು ಇದನ್ನು ಒಂದಲ್ಲ, ಮೂರು ಸಲ ಎದುರಿಸಿದ್ದಾರೆ.

ಕೋಡಿಂಗ್ ಹುಡುಗ:
ಸರ್, "ಹಿರಿಯನಂತೆ" ಅಂತ ಮಾಡಿಕೊಳ್ಳಬಹುದಾ? ಸ್ವಲ್ಪ ಸಲೀಸಾಗುತ್ತೆ.

ಪೃಚ್ಛಕ:
ಆಗಲ್ಲಪ್ಪ. "ಅಂತೆ" ಬಂದರೆ ಸಮಸ್ಯೆ ಎಲ್ಲಿ ಉಳಿಯುತ್ತೆ?

ಭೂಗರ್ಭದ ಮೇಷ್ಟ್ರು:

ಪ್ರಾಯವಿನ್ನೂರು ಕೋಟಿಯೆ ಜಗಕೆನಲು ಲೆಕ್ಕ
ಬಾಯಿಬಿಟ್ಟಿತು ಕಲ್ಲು, "ಮುನ್ನೂರು ನನಗೆ!"
ಮಾಯವೇನಲ್ಲವಿದು, ಅಳೆದ ಕೋಲಿನ ತಪ್ಪು;
ತಾಯಿಗಿಂತಲು ಮಗನೆ ಹಿರಿಯನಾದ

ಖಗೋಳಜ್ಞ ಎಡ್ವಿನ್ ಹಬಲ್ 1929ರಲ್ಲಿ ಕೊಟ್ಟ, ವಿಶ್ವ ಹಿಗ್ಗುವ ವೇಗ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಬೆಳಕಿನ ವರ್ಷದ ದೂರಕ್ಕೆ) ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಅದನ್ನು ಹಿಂದಕ್ಕೆ ಓಡಿಸಿದರೆ ವಿಶ್ವ ಹುಟ್ಟಿ 200 ಕೋಟಿ ವರ್ಷ. 1940ರ ದಶಕದ ಹೊತ್ತಿಗೆ ಯುರೇನಿಯಂ ಸೀಸವಾಗುವ ಲೆಕ್ಕ ಹಿಡಿದವರು ಭೂಮಿಗೇ 300 ಕೋಟಿ ದಾಟಿಸಿದ್ದರು.

ಪೃಚ್ಛಕ:
ಶಹಬ್ಬಾಸ್ ಮೇಷ್ಟ್ರೇ! ಕಲ್ಲು ಬಾಯಿಬಿಡುವ ಸಾಲಿಗೇ ಅರ್ಧ ಅಂಕ. "ಕೋಲಿನ ತಪ್ಪು" ಎಲ್ಲರಿಗೂ ಹೊಳೆಯಲಿಕ್ಕಿಲ್ಲ, ನಾನೇ ಬಿಡಿಸುತ್ತೇನೆ. ಸೆಫೀಡ್ ಎಂಬ ನಕ್ಷತ್ರಗಳು ಹೊಳೆದು ಮಂಕಾಗಿ ಮತ್ತೆ ಹೊಳೆಯುತ್ತವೆ. ಆ ಸುತ್ತಿಗೆ ಎಷ್ಟು ದಿನ ಎಂದು ಎಣಿಸಿದರೆ ಅದರ ನಿಜವಾದ ಹೊಳಪು ಗೊತ್ತಾಗುತ್ತದೆ, ಆ ಹೊಳಪಿನಿಂದ ಅದು ಎಷ್ಟು ದೂರ ಎಂಬುದೂ. ಹಬಲ್ ಹಿಡಿದ ಕೋಲು ಇದೇ.

ಮುಂದೆ ಯುದ್ಧ ಬಂತು. ಜರ್ಮನಿಯಿಂದ ಬಂದ ಖಗೋಳಜ್ಞ ವಾಲ್ಟರ್ ಬಾಡೆ ಅಮೆರಿಕದ ಲೆಕ್ಕದಲ್ಲಿ ಶತ್ರುದೇಶದವನು, ಹಾಗಾಗಿ ಯುದ್ಧದ ಕೆಲಸಕ್ಕೆ ಕರೆಯಲಿಲ್ಲ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ನಿನ 100 ಇಂಚಿನ ದೂರದರ್ಶಕ ಹೆಚ್ಚುಕಡಿಮೆ ಅವನ ಪಾಲಿಗೇ ಬಂತು. ಕೆಳಗೆ ಲಾಸ್ ಏಂಜಲೀಸ್ ದೀಪ ಆರಿಸಿ ಕೂತಿತ್ತು. ಆ ಕತ್ತಲಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ನಟ್ಟನಡುವಿನ ನಕ್ಷತ್ರಗಳನ್ನು ಅವನು ಬಿಡಿಬಿಡಿಯಾಗಿ ಕಂಡ. ನಕ್ಷತ್ರಗಳಲ್ಲೇ ಎರಡು ಪೀಳಿಗೆ ಇದೆ ಅಂತ ಅಲ್ಲಿಂದ ಹೊರಟಿದ್ದು. ಸೆಫೀಡ್‌ಗಳಲ್ಲೂ ಎರಡು ಜಾತಿ, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿಬಿಟ್ಟಿದ್ದರು. 1952ರಲ್ಲಿ ರೋಮ್‌ನ ಸಭೆಯಲ್ಲಿ ಬಾಡೆ ಇದನ್ನು ಹೇಳಿದಾಗ ದೂರಗಳೆಲ್ಲ ಎರಡು ಪಟ್ಟಾದವು. ತಾಯಿಯ ವಯಸ್ಸೂ!

ಸಾಗರದ ಅಕ್ಕ:

ಆಯುವೆಂಬುದು ಹುಟ್ಟು ಕಂಡವರಿಗಲ್ಲವೇ?
ಸಾಯದವಳಿಗೆ ಹುಟ್ಟುಹಬ್ಬವುಂಟೆ?
ನ್ಯಾಯವೇ, ಹುಟ್ಟದವಳೆದುರು ಹೀಗೆನ್ನುವುದು:
"ತಾಯಿಗಿಂತಲು ಮಗನೆ ಹಿರಿಯನಾದ"

ಪೃಚ್ಛಕ:
ಅಕ್ಕಾ, ಇದು 1948ರಲ್ಲಿ ಬಾಂಡಿ, ಗೋಲ್ಡ್, ಹಾಯ್ಲ್ ಎಂಬ ವಿಜ್ಞಾನಿಗಳು ಮಾಡಿದ ಪೂರಣ. ವಿಶ್ವಕ್ಕೆ ಆದಿಯೇ ಇಲ್ಲ ಅಂದರೆ ವಯಸ್ಸಿನ ಜಗಳವೂ ಇಲ್ಲ. ಹುಟ್ಟುಹಬ್ಬದ ಸಾಲು ನನಗೆ ಬಹಳ ಹಿಡಿಸಿತು. ಆದರೆ ಹುಟ್ಟಿನ ಕಾಲದ ಬಿಸಿ ಇನ್ನೂ ಆಕಾಶದ ತುಂಬ ಉಳಿದಿದೆ ಅಂತ 1965ರಲ್ಲಿ ಗೊತ್ತಾದ ಮೇಲೆ ಈ ದಾರಿ ಹಿಡಿಯುವವರು ಕಡಿಮೆಯಾದರು.

ಕೋಡಿಂಗ್ ಹುಡುಗ:

ಛಾಯೆಯಿದು ಲೆಕ್ಕದ್ದು, ಅತ್ತಿತ್ತಲೆಂಬತ್ತು;
ದಾಯ ಬೀಳಲು ಕಿರಿಯ, ಬೀಳದಿರೆ ಹಿರಿಯ;
ಆಯ ತಪ್ಪಿತು ನೀನು ನಡುವಂಕಿಯನೆ ಹಿಡಿಯೆ,
ತಾಯಿಗಿಂತಲು ಮಗನೆ ಹಿರಿಯನಾದ

ತುಲಾ ರಾಶಿಯ ಎಚ್‌ಡಿ 140283 ನಕ್ಷತ್ರ, ಸರ್. 2013ರ ಲೆಕ್ಕದಲ್ಲಿ ಅದಕ್ಕೆ 1,446 ಕೋಟಿ ವರ್ಷ, ವಿಶ್ವಕ್ಕೆ 1,380 ಕೋಟಿ. ಪೇಪರಿನವರು 80 ಕೋಟಿಯ ಆಚೀಚೆಯನ್ನು ಬಿಟ್ಟು ಬರೆದರು.

ಪೃಚ್ಛಕ:
"ಅಂತೆ" ಕೇಳಿದ ಹುಡುಗನೇನಪ್ಪ ನೀನು! ಆಮೇಲಿನ ಲೆಕ್ಕದಲ್ಲಿ ಆ ನಕ್ಷತ್ರ 1,200 ಕೋಟಿಯ ಆಸುಪಾಸಿಗೆ ಇಳಿದಿದೆ.

ಫಿಸಿಕ್ಸ್ ತಂಗಿ:

ಆಯಾಸವಿಲ್ಲದೆಯೆ ಓಡುವಳು ಈಗ, ಸರಿ;
ಪ್ರಾಯದಲಿ ಮೆಲ್ಲನೆಯೆ ನಡೆದಳವಳು;
ಕಾಯದಿಂದಿನ ಬಿರುಸನಷ್ಟೆ ನೋಡಿದವಂಗೆ
ತಾಯಿಗಿಂತಲು ಮಗನೆ ಹಿರಿಯನಾದ

1990ರ ದಶಕದಲ್ಲಿ ಗೋಳಗುಚ್ಛಗಳ (ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗುಂಪುಗಳ) ಮುದಿ ನಕ್ಷತ್ರಗಳ ವಯಸ್ಸು 1,400 ಕೋಟಿ ದಾಟುತ್ತಿತ್ತು. ಕೆಲವು ಅಳತೆಗಳಲ್ಲಿ ವಿಶ್ವಕ್ಕೆ 1,000 ಕೋಟಿಯೂ ಆಗುತ್ತಿರಲಿಲ್ಲ. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ನೋಡಿ ಹಿಗ್ಗುವಿಕೆ ಜೋರಾಗುತ್ತಿದೆ ಎಂದವು. ಈಗ ಜೋರು ಅಂದರೆ ಮೊದಲು ನಿಧಾನ. ನಿಧಾನ ಅಂದರೆ ಇಷ್ಟು ದೂರ ಬರಲು ಜಾಸ್ತಿ ಕಾಲ. ಲೆಕ್ಕ ಸರಿಹೋಯಿತು.

ಭೂಗರ್ಭದ ಮೇಷ್ಟ್ರು:
ಅಲ್ರೀ ತಂಗಿ, ಓಡಿಸುವವರು ಯಾರು ಅಂತ ಪದ್ಯದಲ್ಲಿ ಎಲ್ಲಿದೆ? ನನ್ನ ಪದ್ಯದಲ್ಲಿ ತಪ್ಪು ಯಾವುದು ಅಂತ ತೋರಿಸಿದ್ದೇನೆ.

ಫಿಸಿಕ್ಸ್ ತಂಗಿ:
ಅದು ಯಾರಿಗೂ ಗೊತ್ತಿಲ್ಲ ಸರ್. ಡಾರ್ಕ್ ಎನರ್ಜಿ ಅನ್ನೋದು ಬರೀ ಹೆಸರು. ವಿಶ್ವದಲ್ಲಿ ಶೇಕಡಾ 68 ಅದೇ.

ಪೃಚ್ಛಕ:
ಪದ್ಯವಾಗಿ ನನ್ನ ಮೊದಲ ಅಂಕ ತಂಗಿಗೇ. ಕೊಟ್ಟ ಸಾಲನ್ನು "ನೋಡಿದವಂಗೆ" ಎಂಬ ಒಂದೇ ವಿಭಕ್ತಿಯಿಂದ ತಿರುಗಿಸಿದ್ದಾಳೆ. ಆದರೆ ಮೇಷ್ಟ್ರ ತಕರಾರನ್ನೂ ತಳ್ಳಿಹಾಕಲಾಗದು. ಒಂದು ಪೂರಣ ಕೋಲನ್ನು ತಿದ್ದಿತು, ಇನ್ನೊಂದು ಆಕಾಶಕ್ಕೆ ಹೊಸ ವಸ್ತುವನ್ನೇ ಸೇರಿಸಿತು. ಆ ಹೊಸ ವಸ್ತುವಿನ ಬಲ ಕುಗ್ಗುತ್ತಿರಬಹುದು ಅಂತ ಅರಿಜೋನಾದಿಂದ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ತಂಡ 2025ರ ಮಾರ್ಚ್‌ನಲ್ಲಿ ಸುಳಿವು ಕೊಟ್ಟಿದೆ. ಖಚಿತ ಅನ್ನುವ ಮಟ್ಟ ಮುಟ್ಟಿಲ್ಲ.

ಮುಂದಿನ ವಾರಕ್ಕೆ ಈಗಿನ ಜಗಳವನ್ನೇ ಕೊಡುತ್ತೇನೆ. ಪ್ಲಾಂಕ್ ಉಪಗ್ರಹ ವಿಶ್ವದ ಹುಟ್ಟಿನ ಕಾಲದಿಂದ ಉಳಿದ ಹಳೆಯ ಬೆಳಕಿನಿಂದ ತೆಗೆದ ಹಿಗ್ಗುವ ವೇಗ, ಹಬಲ್‌ನ ಅದೇ ಅಳತೆಯಲ್ಲಿ, 67.4. ಸೆಫೀಡ್, ಸೂಪರ್‌ನೋವಾ ಹಿಡಿದು ಅಳೆದವರಿಗೆ 73. ವೆಬ್ ದೂರದರ್ಶಕ ಅದೇ ಸೆಫೀಡ್‌ಗಳನ್ನು ಮತ್ತೆ ನೋಡಿದರೂ ಅಂತರ ಹೋಗಲಿಲ್ಲ. ಬೇರೆ ಜಾತಿಯ ನಕ್ಷತ್ರ ಹಿಡಿದ ವೆಂಡಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕಿದ್ದು 70ರ ಹತ್ತಿರ. ಮತ್ತೆ ಕೋಲಿನ ತಪ್ಪೋ, ಹೊಸ ವಸ್ತುವೋ? ಸಾಲು:

ಒಂದೆ ಹಿಗ್ಗಿಗೆ ಎರಡು ವೇಗವುಂಟು

ಪ್ರಾಸ ಸೊನ್ನೆ, ಆಮೇಲೆ ದಕಾರ.

ಭೂಗರ್ಭದ ಮೇಷ್ಟ್ರು:

ಅಂದುಳಿದ ಬೆಳಕು ಅರುವತ್ತೇಳು ಎನುತಲಿದೆ;
ಮುಂದಿರುವ ತಾರೆಯೆಪ್ಪತ್ತಮೂರು;

ಮೂರನೇ ಸಾಲು ಯಾರಾದರೂ ಹಾಕ್ರಿ.